ಮರ ಕೊಯ್ಯುವ ಯಂತ್ರ: ಕೊಳ್ಳುವ ಮುನ್ನ ಏನು ನೋಡಬೇಕು?



ಕೋಲಾರದಿಂದ ಬೆಂಗಳೂರಿನ ಕಡೆಗೆ ಹೊರಟರೆ ನರಸಾಪುರದ ಸುತ್ತಮುತ್ತ ಎರಡು ಬಗೆಯ ದೃಶ್ಯಗಳು ಕಾಣಸಿಗುತ್ತವೆ. ಒಂದು ಕಡೆ ಕೈಗಾರಿಕಾ ಪ್ರದೇಶದ ದೊಡ್ಡ ಕಾರ್ಖಾನೆಗಳು. ಇನ್ನೊಂದು ಕಡೆ ನೀಲಗಿರಿ ತೋಪು, ಮಾವಿನ ತೋಟ, ಹೊಲದ ಬದುವಿನ ಹೊಂಗೆ ಹುಣಸೆ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿದ ಮೇಲೆ ಹಳೆಯ ತೋಪು ತೆಗೆದು ಬೇರೆ ಬೆಳೆ ಇಟ್ಟ ರೈತರಿದ್ದಾರೆ. ಮಾವಿನ ಫಸಲು ಮುಗಿದ ಮೇಲೆ ಕೊಂಬೆ ಸವರುವ ಕೆಲಸವಿರುತ್ತದೆ. ಹಿಂದೆ ಇದಕ್ಕೆಲ್ಲ ಕೊಡಲಿ ಮತ್ತು ಕೈಗರಗಸವೇ ಗತಿ. ಈಗ ಅವುಗಳ ಜಾಗಕ್ಕೆ ಚೈನ್ ಸಾ, ಅಂದರೆ ಹಳ್ಳಿಯವರು ಹೇಳುವ 'ಮರ ಕೊಯ್ಯೋ ಮಿಷನ್' ಬಂದಿದೆ.

ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ನೀಲಗಿರಿ ತೋಪಿಗೆ ನಾವು ಚಿತ್ರೀಕರಣಕ್ಕೆ ಹೋಗಿದ್ದೆವು. ಮರ ಕೊಯ್ಯುತ್ತಿದ್ದವರ ಯಂತ್ರದಲ್ಲಿ ಮುಂದಿನ ಹಿಡಿಯ ಎದುರಿಗಿರಬೇಕಾದ ಪ್ಲಾಸ್ಟಿಕ್ ತಡೆಯೇ ಇರಲಿಲ್ಲ. ಕೇಳಿದರೆ, "ಅಡ್ಡ ಬರ್ತಾ ಇತ್ತು ಸಾರ್, ಬಿಚ್ಚಿ ಹಾಕ್ದೆ" ಎಂದರು. ಆ ದೃಶ್ಯವನ್ನು ನಾವು ಪ್ರಸಾರ ಮಾಡಲಿಲ್ಲ. ಬಿಚ್ಚಿ ಹಾಕಿದ್ದು ಬರೀ ಪ್ಲಾಸ್ಟಿಕ್ ಆಗಿರಲಿಲ್ಲ, ಅದು ಯಂತ್ರದ ಬ್ರೇಕ್ ಆಗಿತ್ತು. ಈ ಲೇಖನ ಬರೆಯಲು ಅದೇ ಪ್ರೇರಣೆ.

ಹುಳು ಕಲಿಸಿದ ಪಾಠ

ಈ ಯಂತ್ರ ಮರವನ್ನು ಹೇಗೆ ಕೊಯ್ಯುತ್ತದೆ? ಎಂಜಿನ್ನಿನಿಂದ ತಿರುಗುವ ಹಲ್ಲುಚಕ್ರವೊಂದು, ಉದ್ದನೆಯ ಉಕ್ಕಿನ ಪಟ್ಟಿಯ ಸುತ್ತ ಸರಪಳಿಯನ್ನು ಓಡಿಸುತ್ತದೆ. ಈ ಪಟ್ಟಿಗೆ 'ಬಾರ್' ಎಂದು ಹೆಸರು. ಸರಪಳಿಗೆ ಕೂಡಿಸಿದ ಹಲ್ಲುಗಳು ಮರವನ್ನು ಕೆತ್ತುತ್ತ ಹೋಗುತ್ತವೆ. ಮೊದಮೊದಲ ಸರಪಳಿಗಳ ಹಲ್ಲು ಕೈಗರಗಸದ ಹಲ್ಲಿನಂತೆಯೇ ಇತ್ತು, ಬೇಗ ಮೊಂಡಾಗುತ್ತಿತ್ತು. 1946ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಜೋಸೆಫ್ ಕಾಕ್ಸ್ ಎಂಬಾತ, ಮರ ಕೊರೆಯುವ ದುಂಬಿಯ ಮರಿಹುಳು ಎಡಕ್ಕೂ ಬಲಕ್ಕೂ ದವಡೆ ಆಡಿಸುತ್ತ ಮರವನ್ನು ತಿನ್ನುವುದನ್ನು ಗಮನಿಸಿದ. ಅದೇ ರೀತಿ ಒಂದು ಹಲ್ಲು ಎಡಕ್ಕೆ, ಇನ್ನೊಂದು ಬಲಕ್ಕೆ ಬಾಗಿರುವ ಸರಪಳಿಯನ್ನು ರೂಪಿಸಿದ. ಇಂದಿನ ಸರಪಳಿಗಳು ಅದರ ವಂಶದವೇ.

ಈ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡಬಲ್ಲದು. ಲೆಕ್ಕ ಹಾಕಿ ನೋಡಿ: ಗಂಟೆಗೆ 72 ಕಿಲೋಮೀಟರ್. ಹೆದ್ದಾರಿಯ ಬಸ್ಸಿನ ವೇಗ ನಿಮ್ಮ ಕೈಯಳತೆಯಲ್ಲೇ ಇರುತ್ತದೆ!

ಒದೆಯುವ ಗರಗಸ

ಬಾರಿನ ತುದಿಯ ಮೇಲ್ಭಾಗ ಗಟ್ಟಿ ಕೊಂಬೆಯೊಂದಕ್ಕೆ ತಗುಲಿತೆನ್ನಿ. ಅಲ್ಲಿ ಸರಪಳಿ ಮುಂದಕ್ಕೂ ಕೆಳಕ್ಕೂ ಓಡುತ್ತಿರುತ್ತದೆ. ಹಲ್ಲು ಸಿಕ್ಕಿಕೊಂಡೊಡನೆ ನ್ಯೂಟನ್ನನ ಮೂರನೆಯ ನಿಯಮ ಕೆಲಸ ಮಾಡುತ್ತದೆ: ಬಾರ್ ಮೇಲಕ್ಕೂ ಹಿಂದಕ್ಕೂ, ಅಂದರೆ ಕೊಯ್ಯುವವರ ಮುಖದ ಕಡೆಗೆ ಚಿಮ್ಮುತ್ತದೆ. ಇದಕ್ಕೆ 'ಕಿಕ್‌ಬ್ಯಾಕ್' ಎನ್ನುತ್ತಾರೆ. ಮನುಷ್ಯ ಎಚ್ಚೆತ್ತು ಪ್ರತಿಕ್ರಿಯಿಸಲು ಸುಮಾರು ಕಾಲು ಸೆಕೆಂಡ್ ಬೇಕು. ಒದೆತ ಅದಕ್ಕಿಂತ ಬೇಗ ಮುಗಿದುಹೋಗಿರುತ್ತದೆ. ಆದ್ದರಿಂದಲೇ ಮುಂದಿನ ತಡೆ ಅಷ್ಟು ಮುಖ್ಯ. ಕೈ ತಗುಲಿದಾಗ ಇಲ್ಲವೇ ಒದೆತದ ರಭಸಕ್ಕೆ ಅದು ಮುಂದೆ ಬಾಗಿ, ಉಕ್ಕಿನ ಪಟ್ಟಿಯೊಂದು ಬಿಗಿದು, ಸರಪಳಿಯನ್ನು ತಕ್ಷಣ ನಿಲ್ಲಿಸುತ್ತದೆ.

ಹಾಗಾದರೆ ನಂಬಬಹುದಾದ ಯಂತ್ರ ಯಾವುದು? ಜೋರಾಗಿ ಕೊಯ್ಯುವುದಷ್ಟೇ ಅಲ್ಲ. ಬೇಕೆಂದಾಗ ನಿಲ್ಲುವುದು, ಕೆಟ್ಟರೆ ಹತ್ತಿರದಲ್ಲೇ ರಿಪೇರಿಯಾಗುವುದು, ನಿಮ್ಮ ಕೆಲಸಕ್ಕೆ ತಕ್ಕಷ್ಟೇ ದೊಡ್ಡದಾಗಿರುವುದು. ಈ ಮೂರೂ ಇದ್ದರೆ ಮಾತ್ರ ಅದು ನಂಬಿಕೆಯ ಯಂತ್ರ.

ಎಷ್ಟು ದೊಡ್ಡದು ಬೇಕು?

ಅಂಗಡಿಗಳಲ್ಲಿ 58 ಸಿಸಿ ಎಂಜಿನ್, 22 ಅಂಗುಲದ ಬಾರ್ ಎಂದು ಕಡಿಮೆ ಬೆಲೆಗೆ ಯಂತ್ರಗಳು ಸಿಗುತ್ತವೆ. ದೊಡ್ಡದು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರೇ ಹೆಚ್ಚು. ಆದರೆ ಬಾರ್ ಉದ್ದವಾದಷ್ಟೂ ತೂಕ ಹೆಚ್ಚು, ತೋಳಿಗೆ ಆಯಾಸ ಹೆಚ್ಚು, ತುದಿ ಎಲ್ಲಿ ತಗುಲುತ್ತಿದೆ ಎಂಬುದು ಕಣ್ಣಿಗೆ ಬೀಳುವುದು ಕಡಿಮೆ. ನೀವು ಸಾಮಾನ್ಯವಾಗಿ ಕೊಯ್ಯುವ ಮರದ ದಪ್ಪಕ್ಕಿಂತ ಬಾರ್ ಸ್ವಲ್ಪ ಉದ್ದವಿದ್ದರೆ ಸಾಕು. ಸೌದೆ, ಮಾವಿನ ಕೊಂಬೆ, ಎಳೆಯ ನೀಲಗಿರಿಗೆ 35ರಿಂದ 45 ಸಿಸಿಯ ಎಂಜಿನ್, 14 ಅಥವಾ 16 ಅಂಗುಲದ ಬಾರ್ ಧಾರಾಳವಾಯಿತು. ಹಳೆಯ ಹುಣಸೆಯಂಥ ದಪ್ಪ ಮರ ವರ್ಷಕ್ಕೊಮ್ಮೆ ಬಂದರೆ ಅದಕ್ಕೆ ಕಸುಬುದಾರರನ್ನು ಕರೆಸುವುದೇ ಲೇಸು.

ಮನೆಯ ಹಿತ್ತಲಿಗೆ ಮಾತ್ರವಾದರೆ ಬ್ಯಾಟರಿಯ ಯಂತ್ರ ಅನುಕೂಲ. ಸದ್ದು ಕಡಿಮೆ, ಹೊಗೆಯಿಲ್ಲ. ವೈರ್ ಎಳೆದು ನಡೆಸುವ ವಿದ್ಯುತ್ ಯಂತ್ರ ತೋಟಕ್ಕೆ ಒಗ್ಗದು. 2 ಕಿಲೋವಾಟ್ ಯಂತ್ರ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಉದ್ದನೆಯ ತೆಳು ವೈರಿನಲ್ಲಿ ವೋಲ್ಟೇಜ್ ಕುಸಿದು, ವೈರೂ ಮೋಟಾರೂ ಬಿಸಿಯಾಗುತ್ತವೆ.

ಅಂಗಡಿಯಲ್ಲಿ ಮಾಡಿಸಬೇಕಾದ ಪರೀಕ್ಷೆಗಳು

ಅಂಗಡಿಯವರ ಕೈಯಲ್ಲೇ ಇವನ್ನು ಮಾಡಿಸಿ. ಒಂದು, ಎಂಜಿನ್ ಓಡುತ್ತಿರುವಾಗ ಮುಂದಿನ ತಡೆಯನ್ನು ತಳ್ಳಿದರೆ ಸರಪಳಿ ಥಟ್ಟನೆ ನಿಲ್ಲಬೇಕು. ಎರಡು, ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಓಡುತ್ತಿದ್ದರೂ ಸರಪಳಿ ಅಲುಗಬಾರದು. ಮೂರು, ಬಾರಿನ ತುದಿಯನ್ನು ಒಂದು ಕಾಗದದ ಮುಂದೆ ತುಸು ದೂರದಲ್ಲಿ ಹಿಡಿದು ವೇಗ ಹೆಚ್ಚಿಸಿದರೆ ಕಾಗದದ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಮೂಡದಿದ್ದರೆ ಸರಪಳಿಗೆ ಎಣ್ಣೆ ಹೋಗುತ್ತಿಲ್ಲ ಎಂದರ್ಥ. ನಾಲ್ಕು, ಬಿಸಿಯಾದ ಎಂಜಿನ್ನನ್ನು ನಿಲ್ಲಿಸಿ ಮತ್ತೆ ಹಗ್ಗ ಎಳೆದರೆ ಸುಲಭವಾಗಿ ಚಾಲೂ ಆಗಬೇಕು.

ಆಮೇಲೆ ಕೇಳಬೇಕಾದ ಪ್ರಶ್ನೆ: ಸರಪಳಿ, ಏರ್ ಫಿಲ್ಟರ್, ಹಲ್ಲುಚಕ್ರ, ಕಾರ್ಬ್ಯುರೇಟರಿನ ಭಾಗಗಳು ಕೋಲಾರದಲ್ಲೋ ಹೊಸಕೋಟೆಯಲ್ಲೋ ಸಿಗುತ್ತವೆಯೇ? ಒಂದು ಸಣ್ಣ ರಬ್ಬರ್ ಭಾಗಕ್ಕಾಗಿ ವಾರಗಟ್ಟಲೆ ಕಾಯಬೇಕಾದರೆ ಅಗ್ಗದ ಯಂತ್ರ ಅಗ್ಗವಾಗಿ ಉಳಿಯುವುದಿಲ್ಲ.

ಪೆಟ್ರೋಲ್, ಎಣ್ಣೆ, ಮಣ್ಣು

ಹಿಂದೆ ಲೂನಾಕ್ಕೆ ಬಂಕಿನಲ್ಲಿ ಆಯಿಲ್ ಬೆರೆಸಿ ಪೆಟ್ರೋಲ್ ಹಾಕಿಸುತ್ತಿದ್ದುದನ್ನು ನಿಮ್ಮ ತಾತನವರನ್ನು ಕೇಳಿ. ಇದೂ ಅಂಥದೇ ಟೂ ಸ್ಟ್ರೋಕ್ ಎಂಜಿನ್; ಪೆಟ್ರೋಲಿನ ಜೊತೆಗೆ ಬೆರೆತ ಆಯಿಲೇ ಒಳಭಾಗಗಳನ್ನು ಸವೆಯದಂತೆ ಕಾಯುತ್ತದೆ. ಕೈಪಿಡಿಯಲ್ಲಿ 50:1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಆಯಿಲ್. 25:1 ಎಂದಿದ್ದರೆ 40 ಮಿಲಿಲೀಟರ್. ಅಂದಾಜಿಗೆ ಸುರಿಯುವುದು ಬೇಡ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ತೇವವನ್ನು ಹೀರಿಕೊಳ್ಳುವುದರಿಂದ, ತಿಂಗಳುಗಟ್ಟಲೆ ಬಳಸದಿದ್ದರೆ ಟ್ಯಾಂಕ್ ಖಾಲಿ ಮಾಡಿಡಬೇಕು.

ನೀಲಗಿರಿಯನ್ನು ಬುಡಕ್ಕೆ ಕೊಯ್ಯುವಾಗ ಸರಪಳಿ ನೆಲಕ್ಕೆ ತಗುಲುವುದುಂಟು. ಮರಳಿನಲ್ಲಿರುವ ಸ್ಫಟಿಕದ ಕಾಠಿಣ್ಯ ಮೋಸ್ ಮಾನಕದಲ್ಲಿ 7. ಕ್ಷಣಮಾತ್ರ ತಗುಲಿದರೂ ಹಲ್ಲು ಮೊಂಡಾಗುತ್ತದೆ. ಮರ ಚಕ್ಕೆಯಾಗಿ ಉದುರದೆ ಹಿಟ್ಟಿನಂತೆ ಉದುರತೊಡಗಿತೆಂದರೆ ಅರ ಹಿಡಿಯುವ ಸಮಯ ಬಂತೆಂದು ತಿಳಿಯಿರಿ.

ಕೊಳ್ಳಲೇಬೇಕೆ?

ವರ್ಷದಲ್ಲಿ ನಾಲ್ಕು ದಿನದ ಕೆಲಸಕ್ಕೆ ಸ್ವಂತ ಯಂತ್ರ ಬೇಕೇ ಎಂಬುದನ್ನೂ ಯೋಚಿಸಬೇಕು. 'ಕೃಷಿ ಯಂತ್ರಧಾರೆ' ಬಾಡಿಗೆ ಕೇಂದ್ರದಲ್ಲಿ ವಿಚಾರಿಸಬಹುದು. ಸಲಹೆಗೆ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಇನ್ನೊಂದು ಮಾತು: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕಾಗಬಹುದು. ನೀಲಗಿರಿ, ಸರ್ವೆಯಂಥ ಕೆಲವಕ್ಕೆ ವಿನಾಯಿತಿ ಇದೆ. ಉಳಿದವಕ್ಕೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಕೊಳ್ಳಿ.

ವಿದ್ಯಾರ್ಥಿಗಳಾದ ನಮಗೆ ಇದೇಕೆ ಎನ್ನುತ್ತೀರಾ? 18 ತುಂಬದವರು ಈ ಯಂತ್ರವನ್ನು ಮುಟ್ಟಲೇಬಾರದು, ನಿಜ. ಆದರೆ ಯಂತ್ರದ ಜೊತೆ ಬರುವ ಕೈಪಿಡಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಓದಿ ತಂದೆಗೋ ಚಿಕ್ಕಪ್ಪನಿಗೋ ಕನ್ನಡದಲ್ಲಿ ಹೇಳಬಲ್ಲವರು ಮನೆಯಲ್ಲಿ ನೀವೇ. ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಕಾಲಿಗೆ ಗಟ್ಟಿ ಬೂಟು ಇಲ್ಲದೆ ಹಗ್ಗ ಎಳೆಯಬೇಡಿ ಎಂದು ಹೇಳಿ. ಮುಂದಿನ ತಡೆ 'ಅಡ್ಡ ಬರುತ್ತದೆ' ಎಂದು ಯಾರಾದರೂ ಸ್ಪ್ಯಾನರ್ ಹಿಡಿದರೆ, ಅದು ಇರುವುದೇ ಅಡ್ಡ ಬರಲು ಎಂದು ಹೇಳಿ.