ಸಹಧರ್ಮಿಣಿಗೂ ಅಪ್ಪಣೆ ಚೀಟಿ

ಧಾರೆಯೆರೆದು ಕೊಟ್ಟ ಹೆಣ್ಣು ಪತಿಗೃಹವನ್ನು ಸೇರುವುದಕ್ಕೆ ಮೂರನೆಯವರ ಅಪ್ಪಣೆಯು ಬೇಕಾದೀತೆಂದು ನಮ್ಮ ಹಿರಿಯರು ಎಣಿಸಿದವರಲ್ಲ. ಹೆಣ್ಣೊಪ್ಪಿಸುವ ಶಾಸ್ತ್ರ ಮುಗಿದು, ಮಡಿಲು ತುಂಬಿ, ತಾಯಿಯು ಕಣ್ಣೊರಸಿಕೊಂಡು ಮಗಳನ್ನು ಗಾಡಿ ಹತ್ತಿಸಿದರೆ ತವರಿನವರ ಹೊಣೆಯು ಅಲ್ಲಿಗೆ ತೀರುತ್ತಿದ್ದಿತು. ಇಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ಎಷ್ಟೋ ಮನೆಗಳಲ್ಲಿ ಮಡಿಲು ತುಂಬಿದ ತರುವಾಯವೂ ಮಗಳು ತವರಿನಲ್ಲಿಯೇ ಇರುವಳು. ಅಳಿಯನು ಹದಿನೈದು ದಿವಸದ ರಜೆಯಲ್ಲಿ ಬಂದು, ಮಾಂಗಲ್ಯಧಾರಣೆ ಮಾಡಿ, ಹಿಂದಿರುಗಿರುವನು. ಆತನು ತಾನಿರುವ ದೇಶದ ಸರಕಾರಕ್ಕೆ ಅರ್ಜಿ ಬರೆದು, ತನ್ನ ವರಮಾನವನ್ನು ತೋರಿಸಿ, ಹೆಂಡತಿಯ ಭಾರವನ್ನು ತಾನು ಹೊರುವೆನೆಂದು ಮುಚ್ಚಳಿಕೆ ಕೊಟ್ಟು, ಆ ಸರಕಾರದವರು ಒಪ್ಪಿದ ಬಳಿಕವೇ ಆಕೆಯು ವಿಮಾನ ಹತ್ತಬೇಕು. ಇದಕ್ಕೆ 'ಸ್ಪಾನ್ಸರ್ ಮಾಡುವುದು' ಎಂದು ಹೆಸರು. ಈ ಮಾತು ಈಗ ನಮ್ಮ ಅಜ್ಜಿಯಂದಿರ ಬಾಯಲ್ಲಿಯೂ ಸಲೀಸಾಗಿ ಹೊರಳುತ್ತದೆ. ಅದರ ಒಳಗಿರತಕ್ಕ ಸಂಗತಿಗಳನ್ನು ಬಲ್ಲವರು ಮಾತ್ರ ಹೆಣ್ಣು ಹೆತ್ತವರಲ್ಲಿ ವಿರಳ. ಆದಕಾರಣ ಈ ವಿಷಯವನ್ನು ವಾಚಕರ ಮುಂದೆ ಕೊಂಚ ವಿಸ್ತಾರವಾಗಿಯೇ ಇಡಲು ಬಯಸುತ್ತೇವೆ.

ಇದು ನಿನ್ನೆ ಮೊನ್ನೆಯ ಸಮಸ್ಯೆಯಲ್ಲ. 1913ನೆಯ ಮಾರ್ಚಿಯಲ್ಲಿ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ನ್ಯಾಯಮೂರ್ತಿ ಸರ್ಲ್ ಎಂಬವರು, ಭಾರತದಿಂದ ಬಂದಿಳಿದ ಒಬ್ಬ ಪತ್ನಿಯ ವ್ಯಾಜ್ಯದಲ್ಲಿ, ಬಹುಪತ್ನೀತ್ವಕ್ಕೆ ಎಡೆಯಿರುವ ಧರ್ಮದ ವಿಧಿಯಂತೆ ನಡೆದ ವಿವಾಹವು ಆ ದೇಶದ ಕಾಯಿದೆಯ ದೃಷ್ಟಿಯಲ್ಲಿ ವಿವಾಹವೇ ಅಲ್ಲವೆಂದು ತೀರ್ಪಿತ್ತರು. ಒಂದೇ ದಿವಸದಲ್ಲಿ ಅಲ್ಲಿನ ಹಿಂದೂ ಮುಸಲ್ಮಾನ ಗೃಹಿಣಿಯರೆಲ್ಲರೂ ಕಾಯಿದೆಯ ಮಟ್ಟಿಗೆ ಗಂಡನಿಲ್ಲದವರಾದರು. ಅದುವರೆಗೆ ಗಂಡಸರ ಹೋರಾಟವಾಗಿದ್ದ ಸತ್ಯಾಗ್ರಹಕ್ಕೆ ಹೆಂಗಸರು ಇಳಿದುದು ಆಗಲೇ. ಆ ವರ್ಷದ ಸೆಪ್ಟೆಂಬರಿನಲ್ಲಿ ಕಸ್ತೂರಬಾ ಅವರು ಫೀನಿಕ್ಸ್ ಆಶ್ರಮದಿಂದ ಹೊರಟು ಟ್ರಾನ್ಸ್‌ವಾಲಿನ ಗಡಿಯನ್ನು ದಾಟಿ, ಮೂರು ತಿಂಗಳ ಕಠಿಣ ಸಜೆಯನ್ನು ಅನುಭವಿಸಿದರು. ತಿಲ್ಲೈಯಾಡಿ ವಳ್ಳಿಯಮ್ಮೆ ಎಂಬ ಎಳೆಯ ತಮಿಳು ಹುಡುಗಿಯು ಸೆರೆಮನೆಯಲ್ಲಿ ಜ್ವರ ಹತ್ತಿ, ಬಿಡುಗಡೆಯಾದ ಕೆಲವೇ ದಿವಸಗಳಲ್ಲಿ, 1914ನೆಯ ಫೆಬ್ರವರಿ 22ರಂದು ತೀರಿಕೊಂಡಳು. ಅದೇ ವರ್ಷ ಹೊರಬಂದ ಪರಿಹಾರ ಕಾಯಿದೆಯು ಮೂರು ಪೌಂಡಿನ ತಲೆಗಂದಾಯವನ್ನು ತೆಗೆದುಹಾಕಿದುದಲ್ಲದೆ, ಭಾರತೀಯನ ಒಬ್ಬ ಪತ್ನಿಯನ್ನು ಪತ್ನಿಯೆಂದು ಒಪ್ಪಿತು. ಇಷ್ಟನ್ನು ಒಪ್ಪಿಸುವುದಕ್ಕೆ ಒಂದು ಪ್ರಾಣ ಬೇಕಾಯಿತು.

ಕೆನಡದ ಕಥೆ ಇನ್ನೊಂದು ಬಗೆ. ಅಲ್ಲಿನವರು 1908ರಲ್ಲಿ, ಹುಟ್ಟಿದ ದೇಶದಿಂದ ಎಲ್ಲಿಯೂ ತಂಗದೆ ಒಂದೇ ಪ್ರಯಾಣದಲ್ಲಿ ಬಂದವರಿಗೆ ಮಾತ್ರ ಪ್ರವೇಶವೆಂದು ನಿಯಮ ಮಾಡಿದರು. ಭಾರತದಿಂದ ನೇರವಾಗಿ ಹೋಗುವ ಹಡಗೇ ಇರಲಿಲ್ಲ. 'ಭಾರತೀಯ' ಎಂಬ ಶಬ್ದವನ್ನೇ ಬಳಸದೆ ಭಾರತೀಯರನ್ನು ತಡೆದ ಈ ಜಾಣತನವನ್ನು ನಮ್ಮ ಕಾನೂನುಪಂಡಿತರು ಗಮನಿಸಬೇಕು. ಅಲ್ಲಿ ಮೊದಲೇ ನೆಲೆಸಿದ್ದ ಕೆಲವು ಸಾವಿರ ಪಂಜಾಬಿಗಳ ಹೆಂಡಿರು ಮಕ್ಕಳು ಇಲ್ಲಿಯೇ ಉಳಿದರು. 1912ರ ಆರಂಭದಲ್ಲಿ ಭಾಗ್ ಸಿಂಗ್, ಬಲವಂತ ಸಿಂಗ್ ಎಂಬಿಬ್ಬರು ಗುರುದ್ವಾರದ ಮುಖಂಡರು ತಮ್ಮ ಪತ್ನಿಯರನ್ನು ವ್ಯಾಂಕೂವರಿಗೆ ಕರೆತಂದಾಗ, ಗಂಡಸರಿಬ್ಬರು ಇಳಿಯಬಹುದು, ಹೆಂಗಸರು ಹಿಂದಿರುಗತಕ್ಕದ್ದೆಂದು ಅಪ್ಪಣೆಯಾಯಿತು. ತಿಂಗಳುಗಟ್ಟಲೆ ವಾದವಿವಾದವಾದ ಮೇಲೆ ಸರಕಾರವು ಅವರನ್ನು ಒಳಗೆ ಬಿಟ್ಟಿತು. ಹಕ್ಕೆಂದು ಅಲ್ಲ, ಕೃಪೆಯೆಂದು. ಮುಂದಿನವರಿಗೆ ಇದು ಮೇಲ್ಪಂಕ್ತಿಯಾಗಬಾರದೆಂಬ ಎಚ್ಚರಿಕೆಯೊಡನೆ. 1914ರಲ್ಲಿ 376 ಮಂದಿಯನ್ನು ಹೊತ್ತು ಹೋದ ಕೊಮಾಗಾಟಾ ಮಾರು ಹಡಗಿನ ಗತಿಯನ್ನು ವಾಚಕರು ಬಲ್ಲರು. ಅದಕ್ಕಾಗಿ ಕೆನಡದ ಪ್ರಧಾನಮಂತ್ರಿಯು ತಮ್ಮ ಸಂಸತ್ತಿನಲ್ಲಿ ಕ್ಷಮೆ ಯಾಚಿಸಿದುದು 2016ರಲ್ಲಿ.

ಪತ್ನೀಪುತ್ರರ ಪ್ರವೇಶಕ್ಕೆ ದಾರಿಯಾದುದು ಮೊದಲನೆಯ ಮಹಾಯುದ್ಧದ ಬಳಿಕ. ಭಾರತೀಯ ಸಿಪಾಯಿಗಳ ರಕ್ತವು ಫ್ರಾನ್ಸಿನ ಮಣ್ಣಿನಲ್ಲಿ ಹರಿದ ಮೇಲೆ, 1918ರ ಸಾಮ್ರಾಜ್ಯ ಸಮ್ಮೇಳನದಲ್ಲಿ, ಡೊಮಿನಿಯನ್ನುಗಳಲ್ಲಿ ನೆಲೆಸಿದ ಭಾರತೀಯನು ಒಬ್ಬ ಹೆಂಡತಿಯನ್ನೂ ಆಕೆಯ ಅಪ್ರಾಪ್ತ ಮಕ್ಕಳನ್ನೂ ಕರೆಸಿಕೊಳ್ಳಬಹುದೆಂದು ನಿರ್ಣಯವಾಯಿತು. ಇವಳು ಇವನ ಧರ್ಮಪತ್ನಿಯೇ ಸರಿಯೆಂದು ಭಾರತ ಸರಕಾರವು ದೃಢಪಡಿಸತಕ್ಕದ್ದೆಂಬುದು ಅದರ ಒಂದು ಕರಾರು. ಕೆನಡವು 1919ರಲ್ಲಿ ಇದನ್ನು ಜಾರಿಗೆ ತಂದಿತು. ಇಂದಿನ ಅರ್ಜಿಗಳಲ್ಲಿ ಕಾಣುವ ಮುಖ್ಯ ಪ್ರಶ್ನೆಗಳ ಬೀಜವು ಆ ನಿರ್ಣಯದಲ್ಲಿಯೇ ಇರುವುದು.

ವರ್ಣದ ಹೆಸರಿನಲ್ಲಿ ತಡೆಯುವ ಕಾಲವು ಹೋಯಿತು. ಅದರ ಸ್ಥಾನಕ್ಕೆ ವರಮಾನವು ಬಂದಿದೆ. ಇಂಗ್ಲೆಂಡನ್ನೇ ನೋಡಿರಿ. 1979ರ ಜನವರಿಯಲ್ಲಿ, ಅಲ್ಲಿ ನೆಲೆಸಿದ್ದವನನ್ನು ವಿವಾಹವಾಗಲೆಂದು ಹೋದ ಭಾರತೀಯ ಶಿಕ್ಷಕಿಯೊಬ್ಬರನ್ನು ಲಂಡನ್ ವಿಮಾನ ನಿಲ್ದಾಣದಲ್ಲಿ ಕನ್ಯಾಪರೀಕ್ಷೆಗೆ ಗುರಿಪಡಿಸಿದರು. ಸುದ್ದಿಯು ಪತ್ರಿಕೆಯಲ್ಲಿ ಹೊರಬಿದ್ದು ಛೀಮಾರಿಯಾದ ಮೇಲೆ ಆ ಹೇಯ ಪದ್ಧತಿಯನ್ನು ನಿಲ್ಲಿಸಿದರು. ಅದಾದ ಮೇಲೆ 1980ರಿಂದ 1997ರವರೆಗೆ, ಮದುವೆಯ ಮುಖ್ಯೋದ್ದೇಶವು ದೇಶದೊಳಕ್ಕೆ ಬರುವುದಲ್ಲವೆಂದು ಅರ್ಜಿದಾರನೇ ಸಾಧಿಸತಕ್ಕದ್ದೆಂಬ ನಿಯಮವಿದ್ದಿತು. ಇಲ್ಲದುದನ್ನು ಇಲ್ಲವೆಂದು ಸಾಧಿಸುವುದು ಯಾವ ನ್ಯಾಯಶಾಸ್ತ್ರವೋ ತಿಳಿಯದು. 2012ರಲ್ಲಿ ಹೊಸ ನಿಯಮ ಬಂದಿತು: ಪರದೇಶದ ಸತಿಯನ್ನಾಗಲಿ ಪತಿಯನ್ನಾಗಲಿ ಕರೆಸುವವನಿಗೆ ವರ್ಷಕ್ಕೆ 18,600 ಪೌಂಡು ವರಮಾನವಿರಬೇಕು. 2017ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು, ಮಕ್ಕಳ ಹಿತವನ್ನು ಸಾಕಷ್ಟು ಗಣಿಸಿಲ್ಲವೆಂದು ಆಕ್ಷೇಪಿಸಿತಾದರೂ ವರಮಾನದ ಮಿತಿಯನ್ನು ತತ್ತ್ವತಃ ಎತ್ತಿಹಿಡಿಯಿತು. 2024ರ ಏಪ್ರಿಲಿನಲ್ಲಿ ಮಿತಿಯು 29,000 ಪೌಂಡಿಗೆ ಏರಿತು. ಅಂಗಡಿಯಲ್ಲಿಯೋ ಆಸ್ಪತ್ರೆಯಲ್ಲಿಯೋ ಪ್ರಾಮಾಣಿಕವಾಗಿ ದುಡಿದು ಅದಕ್ಕಿಂತ ಕಡಮೆ ಗಳಿಸುವವನು ಮದುವೆಯಾಗಬಹುದು, ಸಂಸಾರ ಹೂಡಲಾಗದು. ಪರರಾಷ್ಟ್ರಗಳು ತಮ್ಮ ಬಾಗಿಲನ್ನು ಕಾಯುವ ಹಕ್ಕನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದಾಂಪತ್ಯಕ್ಕೆ ದರ ಕಟ್ಟುವುದು ಆ ಹಕ್ಕಿನೊಳಗೆ ಸೇರಿದೆಯೆಂದು ನಾವು ಒಪ್ಪಲಾರೆವು.

ನಮ್ಮ ನಾಡಿನ ಯುವಕರು ಹೆಚ್ಚಾಗಿ ಹೋಗುವುದು ಅಮೇರಿಕೆಗೆ. 1946ರಲ್ಲಿ ಭಾರತಕ್ಕೆಲ್ಲ ಸೇರಿ ವರ್ಷಕ್ಕೆ 100 ಮಂದಿಯೆಂದು ಬಾಗಿಲು ತೆರೆದ ಆ ದೇಶವು, 1965ರ ಕಾಯಿದೆಯಿಂದ ಕುಟುಂಬದವರನ್ನು ಕರೆಸಿಕೊಳ್ಳುವುದಕ್ಕೆ ಪ್ರಾಶಸ್ತ್ಯ ಕೊಟ್ಟಿತು. ಅಲ್ಲಿನ ಪೌರನಾದವನ ಪತ್ನಿಗೆ ಸಂಖ್ಯೆಯ ಮಿತಿಯಿಲ್ಲ. ಬರಿಯ ಗ್ರೀನ್ ಕಾರ್ಡು ಉಳ್ಳವನ ಪತ್ನಿಗೆ ಮಿತಿಯುಂಟು, ಸರದಿಯುಂಟು. ಇಲ್ಲಿ ಒಂದು ಸೂಕ್ಷ್ಮವಿರುವುದು. ಹೆಣ್ಣು ಕೊಡುವವರು ಇದನ್ನು ಚೆನ್ನಾಗಿ ತಿಳಿದಿರಬೇಕು. ವರನು ಉದ್ಯೋಗದ ಮೂಲಕ ಗ್ರೀನ್ ಕಾರ್ಡು ಪಡೆಯುವುದಕ್ಕೆ ಮುಂಚೆಯೇ ವಿವಾಹವು ನಡೆದಿದ್ದರೆ, ವಧುವು ಆತನ ಸರದಿಯಲ್ಲಿಯೇ, ಆತನ ಬೆನ್ನ ಹಿಂದೆಯೇ ಹೋಗಬಹುದು. ಕಾರ್ಡು ಕೈಗೆ ಬಂದ ಮರುದಿವಸ ವಿವಾಹವಾದರೆ ಆಕೆಗೆ ಬೇರೆಯೇ ಅರ್ಜಿ, ಬೇರೆಯೇ ಸರದಿ. ವರ್ಷಗಟ್ಟಲೆ ಕಾಯುವುದು, ಇಲ್ಲವೆ ಆತನು ಪೌರನಾಗುವವರೆಗೆ ತಾಳುವುದು. ನಮ್ಮ ಜೋಯಿಸರು ರಾಹುಕಾಲ, ಗುಳಿಕಕಾಲ, ಗುರುಬಲಗಳನ್ನೆಲ್ಲ ನೋಡಿ ಮುಹೂರ್ತವಿಡುವರು. ಅಳಿಯನ ಕಾರ್ಡಿನ ತಾರೀಖನ್ನು ಕೇಳುವವರು ಯಾರೂ ಇಲ್ಲ. ಆಷಾಢವು ಕಳೆಯಲೆಂದು ಒಂದು ತಿಂಗಳು ಮುಂದೂಡಿದ ಲಗ್ನವು ಮೂರು ವರ್ಷದ ಅಗಲಿಕೆಯನ್ನು ತರಬಲ್ಲುದು.

ಒಡಹುಟ್ಟಿದವರ ಪಾಡನ್ನಂತೂ ಹೇಳತೀರದು. ಪೌರನಾದವನು ಅಣ್ಣನನ್ನೋ ತಂಗಿಯನ್ನೋ ಕರೆಸಿಕೊಳ್ಳಬಹುದು. ಈ ವರ್ಗಕ್ಕೆ ಲೋಕಕ್ಕೆಲ್ಲ ಸೇರಿ ವರ್ಷಕ್ಕೆ ಸುಮಾರು 65,000 ಸ್ಥಾನಗಳು. 2025ರಲ್ಲಿ ಭಾರತೀಯರಿಗೆ ಬಂದಿದ್ದ ಸರದಿಯು 2006ರಲ್ಲಿ ಹಾಕಿದ ಅರ್ಜಿಗಳದು. ಅರ್ಜಿ ಹಾಕಿದಾಗ ತೊಟ್ಟಿಲಲ್ಲಿದ್ದ ಕೂಸು ಸರದಿ ಬರುವಷ್ಟರಲ್ಲಿ ಕಾಲೇಜು ಸೇರಿರುವುದು. ಮದುವೆಯಾಗದ, 21 ವರ್ಷ ತುಂಬದ ಮಕ್ಕಳು ಮಾತ್ರ ತಂದೆತಾಯಿಗಳ ಜೊತೆಗೆ ಹೋಗಬಹುದು. 2002ರ ಒಂದು ಕಾಯಿದೆಯು, ಅರ್ಜಿಯು ಪರಿಶೀಲನೆಯಲ್ಲಿದ್ದ ಕಾಲವನ್ನು ವಯಸ್ಸಿನಿಂದ ಕಳೆಯಲು ಅವಕಾಶ ಮಾಡಿದೆಯಾದರೂ, ಸರದಿಯಲ್ಲಿ ಕಾದ ಕಾಲವನ್ನು ಕಳೆಯುವುದಿಲ್ಲ. ಆದುದರಿಂದ ಹಿರಿಯ ಮಗನನ್ನು ಇಲ್ಲಿಯೇ ಬಿಟ್ಟು ಕಿರಿಯ ಮಗಳನ್ನು ಕರೆದುಕೊಂಡು ಹೊರಡುವ ಪ್ರಸಂಗವು ಬರುವುದುಂಟು. ಕುಟುಂಬವನ್ನು ಒಂದುಗೂಡಿಸುವ ಕಾಯಿದೆಯು ಕುಟುಂಬವನ್ನು ಹೀಗೆ ಸೀಳುವುದು.

ಇನ್ನು ಆ ಹೊಣೆಪತ್ರದ ವಿಚಾರ. ಅಮೇರಿಕೆಯಲ್ಲಿ ಐ-864 ಎಂಬ ನಮೂನೆಯ ಮೇಲೆ ರುಜು ಹಾಕುವ ಪತಿಯು, ಬಡತನದ ರೇಖೆಯೆಂದು ಸರಕಾರವು ಗೊತ್ತುಮಾಡಿದ ಮೊತ್ತದ ನೂರಕ್ಕೆ 125ರಷ್ಟಾದರೂ ವರಮಾನವನ್ನು ತೋರಿಸಿ, ಪತ್ನಿಯನ್ನು ಆ ಮಟ್ಟಕ್ಕಿಂತ ಕೆಳಗೆ ಬೀಳಗೊಡುವುದಿಲ್ಲವೆಂದು ಕರಾರು ಬರೆದುಕೊಡುವನು. ಆಕೆಯು ಪೌರಳಾಗುವವರೆಗೆ, ಅಥವಾ ಸುಮಾರು ಹತ್ತು ವರ್ಷಗಳ ದುಡಿಮೆಯು ಆಕೆಯ ಲೆಕ್ಕಕ್ಕೆ ಜಮೆಯಾಗುವವರೆಗೆ, ಅಥವಾ ಆಕೆಯು ಆ ದೇಶವನ್ನು ಬಿಟ್ಟುಹೋಗುವವರೆಗೆ ಈ ಕರಾರು ಊರ್ಜಿತ. ವಿವಾಹವಿಚ್ಛೇದನವಾದರೂ ಅದು ರದ್ದಾಗುವುದಿಲ್ಲ. ಆಕೆಯೇ ಅದರ ಮೇಲೆ ದಾವೆ ಹೂಡಬಹುದು. ಇದನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವುಂಟು. 'ನಿನ್ನ ಕಾಗದಗಳು ನನ್ನ ಕೈಯಲ್ಲಿವೆ, ನಾಳೆಯೇ ನಿನ್ನನ್ನು ಊರಿಗೆ ಅಟ್ಟಿಸುವೆನು' ಎಂದು ಹೆದರಿಸುವ ಗಂಡಂದಿರು ಇದ್ದಾರೆ. ವಿವಾಹವಾಗಿ ಎರಡು ವರ್ಷ ತುಂಬದೆ ಅಲ್ಲಿಗೆ ಹೋದವಳಿಗೆ ದೊರೆಯುವುದು ಎರಡು ವರ್ಷದ ಕರಾರುಬದ್ಧ ವಾಸದ ಹಕ್ಕು. ಕರಾರನ್ನು ತೆಗೆಸಲು ದಂಪತಿಗಳು ಕೂಡಿ ಅರ್ಜಿ ಹಾಕಬೇಕು. ಕಳ್ಳಮದುವೆಗಳನ್ನು ತಡೆಯಲು 1986ರಲ್ಲಿ ಮಾಡಿದ ಈ ಏರ್ಪಾಡು ದುಷ್ಟನ ಕೈಯಲ್ಲಿ ಲಗಾಮಾಯಿತು. ಆದರೆ 1990ರಿಂದಲೇ, ಹೊಡೆತಬಡಿತಕ್ಕೆ ಗುರಿಯಾದ ಹೆಂಡತಿಯು ಗಂಡನ ರುಜುವಿಲ್ಲದೆ ಕರಾರನ್ನು ತೆಗೆಸಲು ವಿನಾಯಿತಿಯಿದೆ. 1994ರ ಕಾಯಿದೆಯು, ಪೌರನಾದ ಅಥವಾ ಗ್ರೀನ್ ಕಾರ್ಡುಳ್ಳ ಗಂಡನಿಂದ ಹಿಂಸೆಗೊಳಗಾದವಳು ತನ್ನ ಅರ್ಜಿಯನ್ನು ತಾನೇ ಹಾಕಿಕೊಳ್ಳಬಹುದೆಂದು ವಿಧಿಸಿದೆ. ಕೆನಡವು ಇಂಥದೇ ಎರಡು ವರ್ಷದ ಕರಾರನ್ನು 2012ರಲ್ಲಿ ತಂದು, ಅದರ ಕೆಡಕನ್ನು ಕಂಡು 2017ರಲ್ಲಿ ಕೈಬಿಟ್ಟಿತು. ಹೊರಡುವ ಹೆಣ್ಣುಮಗಳಿಗೆ ಈ ನಾಲ್ಕು ಮಾತುಗಳನ್ನು ಯಾರು ಹೇಳುವರು? ಉಪ್ಪಿನಕಾಯಿಯ ಜಾಡಿಯನ್ನು ಕಟ್ಟುವುದಕ್ಕೆ ಹತ್ತು ಮಂದಿ ಇರುವರು.

ಕಾಗದಪತ್ರಗಳ ವಿಷಯದಲ್ಲಿ ತಪ್ಪೆಲ್ಲ ಪರದೇಶದವರದೇ ಅಲ್ಲ. ನಮ್ಮಲ್ಲಿ ಒಬ್ಬಳೇ ಹೆಣ್ಣುಮಗಳು ಜನನಪತ್ರದಲ್ಲಿ ಒಂದು ಹೆಸರು, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಊರಿನ ಮತ್ತು ತಂದೆಯ ಮೊದಲಕ್ಷರಗಳೊಡನೆ ಮತ್ತೊಂದು, ಪಾಸ್‌ಪೋರ್ಟಿನಲ್ಲಿ ಅವೇ ಅಕ್ಷರಗಳನ್ನು ಬಿಡಿಸಿ ಬರೆದ ಮೂರನೆಯದು, ಮದುವೆಯಾದ ಮೇಲೆ ಗಂಡನ ಹೆಸರು ಸೇರಿ ನಾಲ್ಕನೆಯದು, ಹೀಗೆ ನಾಲ್ವರಾಗಿರುವಳು. ಧಾರವಾಡದ ಕಡೆ ಕೆಲವು ಮನೆತನಗಳಲ್ಲಿ ಮದುವೆಯ ದಿವಸ ಅಕ್ಕಿಯಲ್ಲಿ ಹೊಸ ಹೆಸರನ್ನು ಬರೆಯುವ ರೂಢಿಯೂ ಉಂಟು. ಪದ್ಧತಿಯು ಚಂದವೇ, ಪರದೇಶದ ಅಧಿಕಾರಿಗೆ ಮಾತ್ರ ಇದು ಐದನೆಯ ಹೆಂಗಸು. ಜನನ ಮರಣ ನೋಂದಣಿಗೆ 1969ರ ಕಾಯಿದೆ ಬರುವ ಮುನ್ನ ಹುಟ್ಟಿದ ತಂದೆತಾಯಿಗಳನ್ನು ಕರೆಸಿಕೊಳ್ಳುವಾಗಲಂತೂ, ಪತ್ರವು ಲಭ್ಯವಿಲ್ಲವೆಂಬ ಪತ್ರಕ್ಕಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲನ್ನು ಸವೆಸಬೇಕು. ಈ ಪುಟವನ್ನು ಓದುವ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವೇನೆಂದರೆ, ಅಂಥ ಒಂದು ಚೀಟಿಯು ಮೇಜಿನ ಮೇಲೆ ಮೂರು ತಿಂಗಳು ಮಲಗಿದರೆ ಸಾಗರದಾಚೆ ಒಂದು ಸಂಸಾರವು ಮೂರು ತಿಂಗಳು ನಿಲ್ಲುವುದು.

ಇನ್ನೊಂದು ವಿಚಿತ್ರ. ಮದುವೆಗೆ ಮುನ್ನ ಎಷ್ಟು ಕಾಲದಿಂದ ಪರಿಚಯವೆಂದು ಸಂದರ್ಶನದ ಅಧಿಕಾರಿಯು ಕೇಳುವನು. ಹಿರಿಯರು ಜಾತಕ ಕೂಡಿಸಿದರು, ಎರಡು ಸಲ ಮಾತಾಡಿದೆವು ಎಂಬ ನಿಜವಾದ ಉತ್ತರವೇ ಆತನಿಗೆ ಅನುಮಾನವನ್ನು ಹುಟ್ಟಿಸಬಹುದು. ಲಗ್ನಪತ್ರಿಕೆ, ಛತ್ರದ ರಸೀದಿ, ಎರಡೂ ಮನೆಯ ಹಿರಿಯರಿರುವ ಭಾವಚಿತ್ರಗಳು, ನೋಂದಣಿಯ ಪತ್ರ, ಇವುಗಳನ್ನು ಮೊದಲಿಂದ ಕೂಡಿಡುವುದು ಲೇಸು.

ನೋಂದಣಿಯೆಂದಾಗ ನಮ್ಮ ಸರಕಾರಗಳ ವಿಷಯವನ್ನು ಬಿಡುವಂತಿಲ್ಲ. ಕರ್ನಾಟಕದಲ್ಲಿ ವಿವಾಹ ನೋಂದಣಿಗೆ 1976ರ ಅಧಿನಿಯಮವುಂಟು. ಎಲ್ಲ ವಿವಾಹಗಳನ್ನೂ ಕಡ್ಡಾಯವಾಗಿ ನೋಂದಿಸತಕ್ಕದ್ದೆಂದು ಸುಪ್ರೀಮ್ ಕೋರ್ಟು 2006ರಲ್ಲಿ ಆಜ್ಞಾಪಿಸಿತು. ಆದರೂ ವೀಸಾ ಬೇಕಾದಾಗಲೇ ಉಪನೋಂದಣಾಧಿಕಾರಿಯ ಕಚೇರಿಯು ನೆನಪಾಗುವುದು. ಕಾಗದ ಕಳುಹಿಸುವೆನೆಂದು ಹೇಳಿ ಹೋಗಿ ಮರಳಿ ಮುಖ ತೋರದ ವರಮಹಾಶಯರ ಪ್ರಕರಣಗಳು ನ್ಯಾಯಾಲಯಗಳಲ್ಲಿ ಬೆಳೆಯುತ್ತಲೇ ಬಂದಿವೆ. ಇಲ್ಲಿ ಯಾವ ಕಾಯಿದೆಯಂತೆ ವಿವಾಹವಾಯಿತೋ ಅದು ಒಪ್ಪದ ಕಾರಣದ ಮೇಲೆ ಪರದೇಶದ ನ್ಯಾಯಾಲಯವು ಕೊಟ್ಟ ವಿಚ್ಛೇದನವು ಇಲ್ಲಿ ಸಲ್ಲದೆಂದು 1991ರಲ್ಲಿಯೇ ಸುಪ್ರೀಮ್ ಕೋರ್ಟು ತೀರ್ಮಾನಿಸಿದೆ. 1994ರಲ್ಲಿ ಅದೇ ನ್ಯಾಯಾಲಯವು, ಇಂಥ ಹೆಣ್ಣುಮಕ್ಕಳ ರಕ್ಷಣೆಗೆ ಶಾಸನವೊಂದನ್ನು ಮಾಡಿರೆಂದು ಸೂಚಿಸಿತು. ಸೂಚನೆಯು 25 ವರ್ಷ ನಿದ್ರಿಸಿತು. 2019ರ ಫೆಬ್ರವರಿಯಲ್ಲಿ, ಅನಿವಾಸಿಗಳ ವಿವಾಹವನ್ನು 30 ದಿವಸಗಳೊಳಗೆ ನೋಂದಿಸತಕ್ಕದ್ದೆಂದೂ, ತಪ್ಪಿದವನ ಪಾಸ್‌ಪೋರ್ಟನ್ನು ಹಿಡಿದಿಡಬಹುದೆಂದೂ ಹೇಳುವ ವಿಧೇಯಕವು ರಾಜ್ಯಸಭೆಗೆ ಬಂದಿತು. ಸ್ಥಾಯೀ ಸಮಿತಿಗೆ ಹೋಯಿತು. ಐದು ವರ್ಷ ಕಳೆದರೂ ಕಾಯಿದೆಯಾಗಲಿಲ್ಲ. 2024ರ ಫೆಬ್ರವರಿಯಲ್ಲಿ ಕಾನೂನು ಆಯೋಗವು ತನ್ನ 287ನೆಯ ವರದಿಯಲ್ಲಿ, ಸಮಗ್ರವಾದ ಕೇಂದ್ರ ಕಾಯಿದೆಯೇ ಬೇಕೆಂದೂ, ಪತಿಪತ್ನಿಯರ ಪಾಸ್‌ಪೋರ್ಟುಗಳಲ್ಲಿ ಒಬ್ಬರದನ್ನೊಬ್ಬರದಕ್ಕೆ ಜೋಡಿಸಿ ವಿವಾಹದ ನೋಂದಣಿ ಸಂಖ್ಯೆಯನ್ನು ನಮೂದಿಸಬೇಕೆಂದೂ ಶಿಫಾರಸು ಮಾಡಿತು.

ಪರರ ಬಾಗಿಲನ್ನು ಕುರಿತು ದೂರುವಾಗ ನಮ್ಮ ಬಾಗಿಲನ್ನೂ ನೋಡಿಕೊಳ್ಳುವುದು ನ್ಯಾಯ. ಭಾರತೀಯನನ್ನು ಕೈಹಿಡಿದ ಪರದೇಶದವಳಿಗೆ ಇಲ್ಲಿ ಸಾಗರೋತ್ತರ ಪೌರತ್ವದ ಚೀಟಿ ದೊರೆಯಬೇಕಾದರೆ ವಿವಾಹವು ನೋಂದಣಿಯಾಗಿ ಎರಡು ವರ್ಷ ಬಾಳಿರಬೇಕು. ನಿಜವಾದ ಪೌರತ್ವಕ್ಕೆ ಏಳು ವರ್ಷದ ವಾಸವು ಬೇಕು. ನ್ಯಾಯಾಲಯವು ವಿವಾಹವನ್ನು ಮುರಿದರೆ ಆ ಚೀಟಿಯೂ ಹೋಗಬಹುದು. ವರಮಾನದ ಮಿತಿಯನ್ನು ಮಾತ್ರ ನಮ್ಮವರು ಕಟ್ಟಿಲ್ಲ; ಅಷ್ಟರಮಟ್ಟಿಗೆ ನಮ್ಮ ಸರಕಾರವನ್ನು ನಾವು ಮೆಚ್ಚುತ್ತೇವೆ.

ಹೆಣ್ಣು ಕೊಡುವ ಮುನ್ನ ವರನ ಸಂಬಳವನ್ನೂ ಕಾರಿನ ಮಾದರಿಯನ್ನೂ ವಿಚಾರಿಸುವ ತಂದೆಯರು, ಆತನು ಯಾವ ವೀಸಾದ ಮೇಲಿರುವನು, ಗ್ರೀನ್ ಕಾರ್ಡು ಯಾವಾಗ, ಹಿಂದೆ ಅಲ್ಲಿ ಮದುವೆಯಾಗಿದ್ದನೇ, ಆಗಿದ್ದರೆ ವಿಚ್ಛೇದನದ ನಕಲು ಎಲ್ಲಿ ಎಂದು ಕೇಳಲು ಸಂಕೋಚಪಡಬಾರದು. ಮಗಳ ಪಾಸ್‌ಪೋರ್ಟು ಮಗಳ ಬಳಿಯಲ್ಲಿಯೇ ಇರಲಿ. ಅರ್ಜಿಯ, ಹೊಣೆಪತ್ರದ, ನೋಂದಣಿಯ ಒಂದೊಂದು ಪ್ರತಿಯು ತವರಿನ ಪೆಟ್ಟಿಗೆಯಲ್ಲಿರಲಿ. ಕಾನೂನು ಆಯೋಗದ ವರದಿಯ ಗತಿಯೇನಾಯಿತೆಂದು ಕೇಳುವ ಕೆಲಸವಂತೂ ತಂದೆಯರದಲ್ಲ. ನಮ್ಮ ನಾಡಿನಿಂದ ಲೋಕಸಭೆಗೆ ಹೋಗಿರುವ 28 ಮಂದಿ ಸದಸ್ಯರಲ್ಲಿ ಯಾರಾದರೊಬ್ಬರು ಮುಂದಿನ ಅಧಿವೇಶನದಲ್ಲಿ ಆ ಪ್ರಶ್ನೆಯನ್ನು ಎತ್ತಿದರೆ, ಮಂತ್ರಿಗಳು ಕೊಡುವ ಉತ್ತರವನ್ನು ಇದೇ ಪುಟದಲ್ಲಿ ಪೂರ್ತಿಯಾಗಿ ಅಚ್ಚು ಹಾಕಲು ನಾವು ಸಿದ್ಧರಿದ್ದೇವೆ.