ಮನೆಯಂಗಳದಲ್ಲಿ ಒಂದು ದೋಣಿ

ಕೋಲಾರ ಸೀಮೆಯವನೊಬ್ಬ ದೋಣಿ ಕಟ್ಟಲು ಹೊರಟಿದ್ದಾನೆಂದರೆ ಕೇಳಿದವರು ನಗುವುದು ಸಹಜ. ನಮಗೆ ಸಮುದ್ರವಿಲ್ಲ, ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ಪಾಲಾರ್ ನದಿಯು ನಮ್ಮ ಜಿಲ್ಲೆಯನ್ನು ಹಾದು ಹೋಗುತ್ತದೆಂಬುದನ್ನು ಬಹುಕಾಲ ನಾವು ಭೂಪಟದಲ್ಲಿಯೇ ನೋಡಿ ತಿಳಿಯಬೇಕಾಗಿತ್ತು. ಆದುದರಿಂದ ಹತ್ತು ವರ್ಷದ ಮೊಮ್ಮಗ ನನ್ನ ಬಳಿಗೆ ಬಂದು, "ತಾತಾ, ನಮ್ಮ ಕೆರೆಗೊಂದು ದೋಣಿ ಮಾಡೋಣ್ವಾ?" ಎಂದು ಕೇಳಿದಾಗ ಮನೆಯವರೆಲ್ಲ ನಕ್ಕರು. ನಗದಿದ್ದವಳು ನನ್ನ ಅಕ್ಕ ಒಬ್ಬಳೇ. "ಆ ಮಾತು ಈ ಮನೇಲಿ ಎತ್ತಬೇಡ್ರಪ್ಪ" ಎಂದು ಎದ್ದು ಒಳಗೆ ಹೋದಳು.

ಅದಕ್ಕೆ ಕಾರಣವಿತ್ತು. ಅರುವತ್ತು ವರ್ಷಗಳ ಹಿಂದೆ ಕೆರೆ ಕೋಡಿ ಬಿದ್ದಿದ್ದ ಒಂದು ಕಾರ್ತಿಕ ಮಾಸದಲ್ಲಿ, ಬಾಳೆಯ ದಿಂಡುಗಳನ್ನು ಹಗ್ಗದಿಂದ ಬಿಗಿದು ತೆಪ್ಪ ಮಾಡಿಕೊಂಡು ನಾವು ಹುಡುಗರು ನೀರಿಗೆ ಇಳಿದಿದ್ದೆವು. ಹಗ್ಗ ಸಡಿಲಿತು. ನಾನು ದಡ ಸೇರಿದೆ. ನನ್ನ ಅಣ್ಣ ಸೇರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ದೋಣಿಯ ಮಾತು ಬರಿಯ ವಿನೋದದ ಮಾತಾಗಿ ಉಳಿದಿಲ್ಲ. ಅಕ್ಕನಿಗೆ ಉತ್ತರ ಹೇಳುವ ಸಲುವಾಗಿಯೇ ನಾನು ಈ ವಿಷಯವನ್ನು ಕ್ರಮವಾಗಿ ಯೋಚಿಸಬೇಕಾಯಿತು. ಆ ಯೋಚನೆಯನ್ನೇ ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮದು ಕೆರೆಗಳ ಸೀಮೆ. ಕೋಲಾರ, ಡಿ.ವಿ.ಜಿ.ಯವರ ಮುಳಬಾಗಿಲು, ಮಾಸ್ತಿಯವರ ಮಾಲೂರು, ಮಾವಿನ ಶ್ರೀನಿವಾಸಪುರ, ಈ ನಾಲ್ಕರಲ್ಲಿ ಯಾವ ತಾಲ್ಲೂಕಿಗೆ ಹೋದರೂ ಒಂದು ಕೆರೆಯ ಕೋಡಿಯ ನೀರು ಮುಂದಿನ ಕೆರೆಗೆ ಸೇರುವಂತೆ ಹಿರಿಯರು ಕಟ್ಟಿದ ಸಾಲುಗೆರೆಗಳು ಕಾಣುತ್ತವೆ. ನಡುವೆ ಹಲವು ವರ್ಷ ಇವು ಒಣಗಿ ಜಾಲಿಯ ಕಾಡುಗಳಾಗಿದ್ದವು. 2018ರ ಜೂನ್ ತಿಂಗಳಿನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಶುದ್ಧೀಕರಿಸಿದ ಬಳಕೆನೀರು ಲಕ್ಷ್ಮೀಸಾಗರದ ಕೆರೆಗೆ ಬಂದಿತು. ಅಲ್ಲಿಂದ ಕೆರೆಯಿಂದ ಕೆರೆಗೆ ಸಾಗಿತು. 2021ರ ನವೆಂಬರಿನ ಮಳೆಗೆ, ಕೋಡಿಯನ್ನೇ ಮರೆತಿದ್ದ ಕೆರೆಗಳು ಕೂಡ ಕೋಡಿ ಬಿದ್ದವು. ಹೀಗೆ ನೀರೇನೋ ಬಂದಿತು. ಆದರೆ ಒಣಗೆರೆಗಳ ನಡುವೆ ಬೆಳೆದ ಮಕ್ಕಳಿಗೆ ಈಜು ತಿಳಿಯದು, ನೀರಿನ ಆಳವೂ ತಿಳಿಯದು. ಅವರನ್ನು ನೀರಿನಿಂದ ದೂರವಿಡುವುದು ಒಂದು ದಾರಿ. ನೀರಿನ ಸ್ವಭಾವವನ್ನು ಕಲಿಸುವುದು ಇನ್ನೊಂದು. ನಾನು ಎರಡನೆಯದನ್ನು ಆರಿಸಿಕೊಂಡೆ.

ದೋಣಿ ಕಟ್ಟಲು ಹೊರಡುವವನು ಸಾಮಾನ್ಯವಾಗಿ ಮಾಡುವ ತಪ್ಪು ಒಂದಿದೆ. ಮೊದಲು ಒಂದು ಚಂದದ ದೋಣಿಯ ಚಿತ್ರಕ್ಕೆ ಮನಸೋಲುತ್ತಾನೆ. ನೀರಿನ ಯೋಚನೆಯನ್ನು ಆಮೇಲೆ ಮಾಡುತ್ತಾನೆ. 1719ರಲ್ಲಿ ಪ್ರಕಟವಾದ ಡೇನಿಯಲ್ ಡಿಫೋನ ಕಾದಂಬರಿಯನ್ನು ಓದಿದವರಿಗೆ ರಾಬಿನ್ಸನ್ ಕ್ರೂಸೋ ಪಟ್ಟ ಪಾಡು ನೆನಪಿರಬಹುದು. ಆತನು ದೊಡ್ಡದೊಂದು ಮರವನ್ನು ಕಡಿದು, ತಿಂಗಳುಗಟ್ಟಲೆ ಕೊರೆದು, ಸೊಗಸಾದ ದೋಣಿಯನ್ನು ಮಾಡಿದ. ಅದನ್ನು ನೀರಿನವರೆಗೆ ಸಾಗಿಸುವ ಶಕ್ತಿ ಮಾತ್ರ ಅವನಿಗಿರಲಿಲ್ಲ. ದೋಣಿ ಕಾಡಿನಲ್ಲಿಯೇ ಉಳಿಯಿತು. ಆದುದರಿಂದ ಮೊದಲು ಕೆರೆಯನ್ನು ನೋಡಬೇಕು. ಅನಂತರ ಕೆರೆಗೆ ಹೋಗುವ ದಾರಿಯನ್ನು. ಅನಂತರ ಮನೆಯ ಬಾಗಿಲಿನ ಅಗಲವನ್ನು. ಇವು ಮೂರೂ ಗೊತ್ತಾದ ಮೇಲೆ ದೋಣಿಯ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆಯೇ.

ನಮ್ಮ ಕೆರೆಯನ್ನು ನೋಡೋಣ. ಏರಿಯ ಬಳಿ, ತೂಬಿನ ಹತ್ತಿರ ನೀರು ಆಳ. ಹಿಂದೆ ಸರಿದಂತೆ ಮೊಣಕಾಲಿನಷ್ಟು. ನೀರಿನ ಕೆಳಗೆ ಹಳೆಯ ಜಾಲಿಯ ಮೋಟುಗಳು ನಿಂತಿರುತ್ತವೆ. ಮಾಲೂರಿನ ಕಡೆ ಇಟ್ಟಿಗೆಗೆ, ಹೆಂಚಿಗೆ ಮಣ್ಣು ತೆಗೆದ ಗುಂಡಿಗಳಿದ್ದರೆ, ಮೊಣಕಾಲುದ್ದದ ನೀರಿನಲ್ಲಿ ನಡೆಯುವವನು ಒಂದು ಹೆಜ್ಜೆಗೆ ತಲೆಮುಳುಗುವ ನೀರನ್ನು ಕಾಣಬೇಕಾಗುತ್ತದೆ. ಇಂಥ ಕಡೆ ಬೇಕಾದುದು ತಳ ಚಪ್ಪಟೆಯಾಗಿರುವ, ನಾಲ್ಕೈದು ಅಂಗುಲ ನೀರಿನಲ್ಲಿಯೇ ತೇಲುವ, ಮೋಟು ತಾಗಿದರೂ ಹರಿಯದ ದೋಣಿ. ಇಬ್ಬರು ಎತ್ತಿ ಎತ್ತಿನ ಗಾಡಿಯ ಮೇಲೋ ಸಣ್ಣ ಟೆಂಪೋದ ಮೇಲೋ ಇಡುವಷ್ಟು ಹಗುರವಾಗಿರಬೇಕು. ಕೆಲಸ ಮುಗಿದ ಮೇಲೆ ಮನೆಗೆ ಹಿಂದಿರುಗಿ ಬರಬೇಕು.

ಈ ಅಳತೆಗೋಲನ್ನು ಹಿಡಿದು, ನಮ್ಮ ನಾಡಿಗೆ ಪರಿಚಿತವಾದ ಬಗೆಗಳನ್ನು ಒಂದೊಂದಾಗಿ ಪರೀಕ್ಷಿಸಬಹುದು. ಮೊದಲನೆಯದು ಹರಿಗೋಲು. ಬಿದಿರಿನ ಸೀಳುಗಳನ್ನು ದೊಡ್ಡ ಬುಟ್ಟಿಯಂತೆ ಹೆಣೆದು, ಹೊರಗೆ ಹಿಂದೆ ಚರ್ಮವನ್ನು, ಈಗ ಪ್ಲಾಸ್ಟಿಕ್ ಹಾಳೆಯನ್ನೋ ಟಾರು ಬಳಿದ ಬಟ್ಟೆಯನ್ನೋ ಹೊದಿಸುತ್ತಾರೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯಲ್ಲಿ ಹೊಳೆ ದಾಟಿಸುವ ಈ ದುಂಡು ದೋಣಿಗಳನ್ನು ಬಣ್ಣಿಸಿದ್ದಾನೆ. ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದ ಅವು ನೆಟ್ಟಗೆ ಸಾಗದೆ ಸುತ್ತುತ್ತಲೇ ಹೋಗುತ್ತವೆಂಬುದೂ ಅವನ ಕಣ್ಣಿಗೆ ಬಿದ್ದಿತ್ತು. ಹರಿಗೋಲು ಅಗ್ಗ, ಹಗುರ, ಬಂಡೆಗಳ ನಡುವಿನ ಹೊಳೆಗೆ ಹೇಳಿಮಾಡಿಸಿದ್ದು. ಆದರೆ ಅದಕ್ಕೆ ಹಾಯಿ ಹೊಂದದು. ಪಳಗದ ಕೈಗೆ ಅದು ದಿಕ್ಕನ್ನೂ ಕೊಡದು. ಜಾಲಿಯ ಮೋಟಿಗೆ ಹೊದಿಕೆ ಹರಿದೀತು.

ಎರಡನೆಯದು ಮರವನ್ನು ಕೊರೆದು ಮಾಡುವ ದೋಣಿ. ನಮ್ಮ ಕರಾವಳಿಯಲ್ಲಿ ಇದಕ್ಕೆ ಮಾವಿನ ಮರವನ್ನು ಬಳಸುವುದುಂಟು. ಶ್ರೀನಿವಾಸಪುರದಲ್ಲಿ ಮಾವಿಗೇನು ಕೊರತೆ ಎಂದು ತಾವು ಕೇಳಬಹುದು. ಕೊರತೆಯಿಲ್ಲ, ಆದರೆ ಅಷ್ಟು ದಪ್ಪದ ಬೊಡ್ಡೆಯಿರುವುದು ತಾತನ ಕಾಲದ ಮರಕ್ಕೆ, ಫಲ ಕೊಡುವ ಮರಕ್ಕೆ. ಒಂದು ಆಟದ ದೋಣಿಗಾಗಿ ಅದನ್ನು ಕಡಿಯಲು ನನಗೆ ಮನಸ್ಸು ಬರಲಿಲ್ಲ. ಕ್ರೂಸೋನ ಭಾರದ ತೊಡಕೂ ಅಲ್ಲಿದೆ.

ಮೂರನೆಯದು ಹಲಗೆಗಳನ್ನು ಮೊಳೆ ಹೊಡೆದು ಜೋಡಿಸುವ ದೋಣಿ. ಸದಾ ನೀರಿನಲ್ಲಿರುವ ಹಲಗೆ ಉಬ್ಬಿ ಸಂದುಗಳನ್ನು ಮುಚ್ಚುತ್ತದೆ. ನಮ್ಮ ಒಣಹವೆಯಲ್ಲಿ ಆರು ತಿಂಗಳು ಅಂಗಳದಲ್ಲಿ ಬಿದ್ದಿರುವ ಹಲಗೆಯಾದರೋ ಕುಗ್ಗಿ ಸಂದು ಬಿಡುತ್ತದೆ. ಮರುವರ್ಷ ನೀರಿಗಿಳಿಸಿದರೆ ಜರಡಿಯಂತೆ ಸೋರುತ್ತದೆ.

ಉಳಿದದ್ದು ಪ್ಲೈವುಡ್ಡಿನ ದೋಣಿ. ಇದರ ಕಟ್ಟುವಿಕೆಯಲ್ಲಿ ಒಂದು ಸ್ವಾರಸ್ಯವಿದೆ. ಪಶ್ಚಿಮ ಕರಾವಳಿಯ ನಮ್ಮ ಪೂರ್ವಿಕರು ಹಲಗೆಗಳಿಗೆ ಮೊಳೆ ಹೊಡೆಯದೆ, ತೆಂಗಿನ ನಾರಿನ ಹಗ್ಗದಿಂದ ಹೊಲಿದು ಹಡಗು ಕಟ್ಟುತ್ತಿದ್ದರು. ಆ ವಿಧಾನದಲ್ಲಿ ಕಟ್ಟಿದ 'ಕೌಂಡಿನ್ಯ' ಎಂಬ ಹಾಯಿಹಡಗು 2025ರ ಮೇ ತಿಂಗಳಿನಲ್ಲಿ ಕಾರವಾರದಲ್ಲಿ ನಮ್ಮ ನೌಕಾಪಡೆಯನ್ನು ಸೇರಿತು. ಇಂಗ್ಲೆಂಡಿನಲ್ಲಿ 1960ರ ದಶಕದ ಆರಂಭದಲ್ಲಿ, ಸಾಮಾನ್ಯ ಸಂಸಾರಸ್ಥರು ಮನೆಯಲ್ಲಿಯೇ ಕಟ್ಟಿಕೊಳ್ಳಲೆಂದು 'ಮಿರರ್' ಎಂಬ ಚಿಕ್ಕ ದೋಣಿಯನ್ನು ರೂಪಿಸಿದವರು ಹಿಡಿದದ್ದೂ ಹೊಲಿಗೆಯ ದಾರಿಯನ್ನೇ. ಪ್ಲೈವುಡ್ ಹಾಳೆಗಳನ್ನು ಅಳತೆಗೆ ಕತ್ತರಿಸಿ, ಅಂಚಿನಲ್ಲಿ ಸಣ್ಣ ರಂಧ್ರ ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಸಂದುಗಳ ಮೇಲೆ ಗಾಜಿನ ನಾರಿನ ಪಟ್ಟಿಯನ್ನಿಟ್ಟು ರಾಳದ ಅಂಟನ್ನು ಬಳಿಯುವುದು. ಅಂಟು ಗಟ್ಟಿಯಾದ ಮೇಲೆ ಹೊರಚಾಚಿದ ತಂತಿಯನ್ನು ಕತ್ತರಿಸಿಬಿಡಬಹುದು. ಬಡಗಿಯ ಕುಶಲತೆ ಇಲ್ಲದವನೂ, ದರ್ಜಿಯ ತಾಳ್ಮೆಯಿದ್ದರೆ, ಇದನ್ನು ಮಾಡಬಲ್ಲ.

ಪ್ಲೈವುಡ್ ಎಂಬ ಹೆಸರಿನದೆಲ್ಲ ನೀರಿಗೆ ಆಗುವುದಿಲ್ಲ. ನೀರಿನ ಬಳಕೆಗೆಂದು ಭಾರತೀಯ ಮಾನಕ ಸಂಸ್ಥೆಯು ನಿಗದಿಪಡಿಸಿರುವ ದರ್ಜೆಗೆ ಐ.ಎಸ್. 710 ಎಂಬ ಗುರುತುಂಟು. ಅದನ್ನು ನೋಡಿಯೇ ಕೊಳ್ಳಬೇಕು. ಹಾಳೆಯ ಅಳತೆ 8 ಅಡಿ, 4 ಅಡಿ. 6 ಮಿಲಿಮೀಟರ್ ದಪ್ಪದ ಮೂರು ಹಾಳೆಗಳನ್ನು ಜೋಡಿಸಿಕೊಂಡರೆ 10 ಅಡಿ ಉದ್ದದ, ಮೇಲೆ 4 ಅಡಿ ಅಗಲದ ದೋಣಿಯಾಗುತ್ತದೆ. ಸಲಕರಣೆ ಸೇರಿ ತೂಕ ಸುಮಾರು 50 ಕಿಲೋ.

ಅದು ಎಷ್ಟು ಭಾರ ಹೊತ್ತೀತೆಂದು ಕಟ್ಟುವ ಮೊದಲೇ ಲೆಕ್ಕ ಹಾಕಬಹುದು. ಆರ್ಕಿಮಿಡೀಸನ ಸೂತ್ರವೇ ಇದಕ್ಕೆ ಸಾಕು. ಒಂದು ಘನ ಅಡಿ ನೀರಿನ ತೂಕ ಸುಮಾರು 28 ಕಿಲೋ. ದೋಣಿಯ ತಳ ಸುಮಾರು 25 ಚದರಡಿ ಎಂದಿಟ್ಟುಕೊಳ್ಳೋಣ. ಅದು 4 ಅಂಗುಲ ಮುಳುಗಿದರೆ 8 ಘನ ಅಡಿಗಿಂತ ಸ್ವಲ್ಪ ಹೆಚ್ಚು ನೀರನ್ನು ಒತ್ತರಿಸುತ್ತದೆ. ಎಂದರೆ ಸುಮಾರು 230 ಕಿಲೋ ಹೊರುತ್ತದೆ. ಒಬ್ಬ ಮುದುಕ, ಅವನ ಮಗ, ಒಬ್ಬ ಹುಡುಗ, ದೋಣಿಯ ಸ್ವಂತ ತೂಕ ಎಲ್ಲವೂ ಇದರೊಳಗೆ ಬಂದವು. ಪಕ್ಕೆಗಳು 16 ಅಂಗುಲ ಎತ್ತರವಿದ್ದರೆ ನೀರಿನ ಮೇಲೆ ಒಂದು ಅಡಿ ಉಳಿಯುತ್ತದೆ. ನಾಲ್ಕನೆಯವನು ಹತ್ತುತ್ತೇನೆಂದರೆ ಬೇಡವೆನ್ನಲು ಈ ಲೆಕ್ಕ ನೆರವಾಗುತ್ತದೆ. ಬಾಳೆಯ ದಿಂಡಿನ ಮೇಲೆ ಅಂದು ನಾವು ಐದು ಮಂದಿಯಿದ್ದೆವು. ಲೆಕ್ಕ ಹಾಕಿದವರು ಯಾರೂ ಇರಲಿಲ್ಲ.

ಇನ್ನು ಹಾಯಿಯೋ ಹುಟ್ಟೋ ಎಂಬ ಪ್ರಶ್ನೆ. ಇದಕ್ಕೆ ನಮ್ಮ ಪಂಚಾಂಗವೇ ಉತ್ತರ ಕೊಡುತ್ತದೆ. ನಮ್ಮಲ್ಲಿ ಗಾಳಿ ಜೋರಾಗಿ ಬೀಸುವುದು ಆಷಾಢದಲ್ಲಿ. ಆಗ ಮಳೆಯ ನೀರನ್ನೇ ನಂಬಿದ ಕೆರೆಗಳ ತಳ ಕಾಣುತ್ತಿರುತ್ತದೆ. ಕೆರೆ ತುಂಬುವುದು ಆಶ್ವಯುಜ ಕಾರ್ತಿಕಗಳಲ್ಲಿ. ಆಗ ಗಾಳಿ ಬಹುಮಟ್ಟಿಗೆ ಸೌಮ್ಯ, ಸಂಜೆಯ ಹೊತ್ತಿಗೆ ನಿಂತೇಹೋಗುತ್ತದೆ. ಹಾಯಿಯನ್ನೊಂದೇ ನಂಬಿದವನು ನಡುಗೆರೆಯಲ್ಲಿ ಕತ್ತಲೆಗೆ ಸಿಕ್ಕಿಕೊಳ್ಳುತ್ತಾನೆ. ಹೀಗಾಗಿ ನಮ್ಮದು ಮುಖ್ಯವಾಗಿ ಹುಟ್ಟು ಹಾಕುವ ದೋಣಿಯಾಗಿರಬೇಕು. ಹಾಯಿ ಅದರ ಮೇಲಿನ ಸಂತೋಷ. ನಾಲ್ಕು ಅಡಿ ಅಗಲಕ್ಕೆ ಏಳು ಅಡಿಯ ಎರಡು ಹುಟ್ಟುಗಳು ಒಪ್ಪುತ್ತವೆ. ಹಾಯಿ 40 ಚದರಡಿಗೆ ಮೀರುವುದು ಬೇಡ. ಕಂಬಕ್ಕೆ ಗಟ್ಟಿ ಬಿದಿರಾದರೆ ಸಾಕು; ಬಿಚ್ಚಿ ದೋಣಿಯೊಳಗೇ ಮಲಗಿಸುವಷ್ಟು ಗಿಡ್ಡವಿರಲಿ. ಗಾಳಿಗೆ ದೋಣಿ ಅಡ್ಡಡ್ಡವಾಗಿ ಜಾರದಂತೆ ನೀರಿನೊಳಕ್ಕೆ ಇಳಿಬಿಡುವ ಹಲಗೆಯೊಂದು ಬೇಕು. ಅದನ್ನು ತಳಕ್ಕೆ ಜಡಿಯಬಾರದು; ಮೋಟು ತಾಗಿದೊಡನೆ ತಾನೇ ಮೇಲಕ್ಕೆ ಮಡಿಯುವಂತೆ ಪಕ್ಕೆಗೆ ತಗುಲಿಸಬೇಕು.

ಕೊನೆಯದಾಗಿ, ಅಕ್ಕ ಕೇಳಿದ ಒಂದೇ ಪ್ರಶ್ನೆ: "ಮಗುಚಿದರೆ?" ಮಗುಚಿದರೂ ಮುಳುಗದಂತೆ ದೋಣಿಯ ಎರಡು ತುದಿಗಳಲ್ಲಿ ಗಾಳಿಯಾಡದ ಪೆಟ್ಟಿಗೆಗಳನ್ನು ಕೂಡಿಸಬೇಕು, ಆಗ ಅದು ನೀರು ತುಂಬಿಯೂ ತೇಲುತ್ತದೆ, ಹಿಡಿದುಕೊಳ್ಳಲು ಆಸರೆಯಾಗುತ್ತದೆ. ಹತ್ತುವವರೆಲ್ಲ, ಈಜು ಬಲ್ಲವರೂ ಸಹ, ತೇಲುವ ಜಾಕೆಟ್ಟನ್ನು ತೊಡಲೇಬೇಕು. ಹುಡುಗನಿಗೆ ಮೊದಲು ಈಜು, ಆಮೇಲೆ ಹುಟ್ಟು, ಕೊನೆಗೆ ಹಾಯಿ. ನಮ್ಮ ಕೆರೆಗಳಿಗೆ ಬಂದಿರುವುದು ಬಳಸಿ ಶುದ್ಧೀಕರಿಸಿದ ನೀರಾದುದರಿಂದ ಅದನ್ನು ಬಾಯಿಗೆ ಹಾಕಬಾರದು, ಈಜು ಕಲಿಯಲು ಬೇರೆ ಕೊಳವನ್ನು ಹುಡುಕಬೇಕು. ಕೆರೆ ನಮ್ಮ ಸ್ವಂತದ್ದಲ್ಲವೆಂಬುದೂ ನೆನಪಿರಲಿ. ಪಂಚಾಯಿತಿಯ ಒಪ್ಪಿಗೆ ಪಡೆಯಬೇಕು. ಮೀನು ಹಿಡಿಯಲು ಗುತ್ತಿಗೆ ಪಡೆದವರ ಬಲೆಗೆ ತೊಂದರೆ ಕೊಡಬಾರದು. ಲಾರಿಯ ಟ್ಯೂಬಿನ ಮೇಲೆ ಕುಳಿತು ಬಲೆ ಬೀಸುವ ಆ ಜನಕ್ಕೆ ಯಾವ ಮೋಟು ಎಲ್ಲಿದೆಯೆಂಬುದು ಅಂಗೈ ಮೇಲಿನ ಗೆರೆಯಷ್ಟು ಪರಿಚಿತ. ಅವರನ್ನು ಕೇಳಿಯೇ ನಾನು ನಮ್ಮ ಕೆರೆಯ ನಕ್ಷೆಯನ್ನು ಬರೆದುಕೊಂಡೆ.

ದೋಣಿ ಈಗ ನಮ್ಮ ಅಂಗಳದಲ್ಲಿ ಬೋರಲಾಗಿ ಮಲಗಿದೆ, ಬಣ್ಣವೊಂದು ಬಾಕಿ. ಬಾಗಿಲಿನ ಅಗಲವನ್ನು ಅಳೆದೇ ಕಟ್ಟಿದ್ದರಿಂದ ಹೊರಗೆ ಹೋಗುವುದಕ್ಕೆ ಅಡ್ಡಿಯಿಲ್ಲ. ಮೊಮ್ಮಗ ಕೊಳದ ಒಂದು ದಡದಿಂದ ಇನ್ನೊಂದು ದಡಕ್ಕೆ ಈಜಬಲ್ಲವನಾಗಿದ್ದಾನೆ. ಮೊನ್ನೆ ಜಾಕೆಟ್ಟು ಅಂಚೆಯಲ್ಲಿ ಬಂದಾಗ ಅಕ್ಕ ಅದನ್ನು ಹುಡುಗನಿಗೆ ತೊಡಿಸಿ, ಪಟ್ಟಿಗಳನ್ನು ಒಂದೊಂದಾಗಿ ಜಗ್ಗಿ ನೋಡಿದಳು. ಎಲ್ಲವೂ ಬಿಗಿಯಾಗಿದ್ದವು. ಆಮೇಲೆ ನನ್ನ ಕಡೆಗೆ ತಿರುಗಿ, "ನಿನಗೆಲ್ಲೋ ಇಂಥದ್ದು?" ಎಂದಳು. ನಾನು ನನಗಾಗಿ ಒಂದನ್ನು ತರಿಸುವುದನ್ನೇ ಮರೆತಿದ್ದೆ. ಅದು ಬಂದ ಮೇಲೆಯೇ ದೋಣಿ ನೀರಿಗಿಳಿಯಬೇಕೆಂಬುದು ಈಗ ನಮ್ಮ ಮನೆಯ ತೀರ್ಮಾನ.