ಮೂರು ಪಾತ್ರೆಗಳ ಲೆಕ್ಕ

‘ಹತ್ತು ನಿಮಿಷ ಕಣ್ಣು ಮುಚ್ಚಿ ಕೂತರೆ ಮನಸ್ಸು ಖಾಲಿಯಾಗಿ, ಕಾಣದ್ದೆಲ್ಲ ಕಾಣುತ್ತದೆ ಅಂತಾರಲ್ಲ, ನಿಜವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಮೊದಲು ಒಂದು ಲೆಕ್ಕ ಮಾಡೋಣ.

ಮೂರು ಪಾತ್ರೆಗಳಿವೆ. ಒಂದು 21 ಸೇರು ನೀರು ಹಿಡಿಯುತ್ತದೆ, ಇನ್ನೊಂದು 127, ಮತ್ತೊಂದು 3. ಸರಿಯಾಗಿ 100 ಸೇರು ಅಳೆಯಬೇಕು. ದೊಡ್ಡದನ್ನು ತುಂಬಿಸಿ, ಅದರಿಂದ ಮೊದಲನೆಯದಕ್ಕೆ ಒಂದು ಸಲ, ಚಿಕ್ಕದಕ್ಕೆ ಎರಡು ಸಲ ಬಗ್ಗಿಸಿದರಾಯಿತು. ಇದೇ ಜಾಡಿನ ನಾಲ್ಕೈದು ಲೆಕ್ಕ ಮಾಡಿಸಿ, ಆಮೇಲೆ 23, 49, 3ರ ಪಾತ್ರೆ ಕೊಟ್ಟು 20 ಸೇರು ಕೇಳಿ. ಹೆಚ್ಚಿನವರು ಮತ್ತೆ ದೊಡ್ಡ ಪಾತ್ರೆಗೇ ಕೈ ಹಾಕುತ್ತಾರೆ. 23ರಿಂದ 3 ತೆಗೆದರೆ ಮುಗಿಯಿತಲ್ಲ!

ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಲೂಚಿನ್ಸ್ ಇದನ್ನು ಪ್ರಕಟಿಸಿದ್ದು 1942ರಲ್ಲಿ. ಗೆಸ್ಟಾಲ್ಟ್ ಎಂಬ ಮನಶ್ಶಾಸ್ತ್ರ ಪಂಥದ ಮ್ಯಾಕ್ಸ್ ವರ್ಟ್‌ಹೈಮರ್ ಅವರ ಶಿಷ್ಯ ಈತ. ಮುಂದೆ ಬರುವ ಒಂದು ಲೆಕ್ಕ ಇನ್ನೂ ಮಜವಾಗಿದೆ: 28, 76, 3ರ ಪಾತ್ರೆಗಳಿಂದ 25 ಸೇರು. ಹಳೆಯ ಉಪಾಯಕ್ಕೆ 42 ಬರುತ್ತದೆ, ಕೆಲಸ ಕೆಟ್ಟಿತು. ಹಿಂದಿನ ಲೆಕ್ಕಗಳನ್ನು ಮಾಡದವರು ಇದನ್ನು ಸಲೀಸಾಗಿ ಬಿಡಿಸಿದರು. ಮಾಡಿ ಪಳಗಿದವರಲ್ಲಿ ಅನೇಕರು ಕೈಚೆಲ್ಲಿ ಕೂತರು. ಕೆಲವರಿಂದ ಲೂಚಿನ್ಸ್ ನಡುವೆ ‘ಕುರುಡಾಗಬೇಡಿ’ ಎಂದು ಹಾಳೆಯ ಮೇಲೆ ಬರೆಸಿದರು. ಒಂದಷ್ಟು ಜನ ಎಚ್ಚೆತ್ತರು, ಎಲ್ಲರೂ ಅಲ್ಲ. (ಗೈಡು ಉರು ಹೊಡೆಸುವ ಮೇಷ್ಟರುಗಳಿಗೆ ಈ ಪ್ರಯೋಗ ಹಿಡಿಸಲಾರದು.)

ದಡ್ಡರ ಪಾಡು ಇದು ಎನ್ನಬೇಡಿ. 2008ರಲ್ಲಿ ಬಿಲಾಲಿಚ್, ಮೆಕ್ಲೌಡ್, ಗೋಬೆ ಎಂಬ ಮೂವರು ಸಂಶೋಧಕರು ಪಳಗಿದ ಚೆಸ್ ಆಟಗಾರರ ಮುಂದೆ ಒಂದು ಸ್ಥಿತಿ ಇಟ್ಟರು. ಎಲ್ಲರಿಗೂ ಪರಿಚಿತವಾದ ಐದು ನಡೆಯ ಗೆಲುವು ಅದರಲ್ಲಿತ್ತು, ಮೂರೇ ನಡೆಯ ಗೆಲುವೂ ಅಡಗಿತ್ತು. ಐದು ನಡೆಯ ಗೆಲುವು ಕಂಡ ಮೇಲೆ ‘ಇದಕ್ಕಿಂತ ಒಳ್ಳೆಯದಿದೆಯೇ ಎಂದು ಹುಡುಕುತ್ತಿದ್ದೇವೆ’ ಎಂದರು ಆಟಗಾರರು. ಕಣ್ಣಿನ ಚಲನೆ ಗುರುತಿಸುವ ಯಂತ್ರ ಬೇರೆಯೇ ಹೇಳಿತು: ನೋಟ ಹಳೆಯ ಉಪಾಯದ ಮನೆಗಳನ್ನೇ ಸುತ್ತುತ್ತಿತ್ತು. ಅವರು ಸುಳ್ಳು ಹೇಳಿರಲಿಲ್ಲ. ಹುಡುಕುತ್ತಿದ್ದೇವೆಂದೇ ನಂಬಿದ್ದರು. ನನ್ನನ್ನು ಬೆಚ್ಚಿಸುವುದು ಇದೇ.

ಇನ್ನು ಓದುಗರು ಕೇಳಿದ ಧ್ಯಾನದ ಮಾತು. 2012ರಲ್ಲಿ ಇಸ್ರೇಲಿನ ಸಂಶೋಧಕರು ಇದೇ ಪಾತ್ರೆ ಲೆಕ್ಕವನ್ನು ಧ್ಯಾನಿಗಳ ಮುಂದಿಟ್ಟರು. ಧ್ಯಾನದಲ್ಲಿ ಪಳಗಿದವರು, ಇನ್ನೂ ಕಲಿಯಬೇಕಿದ್ದವರಿಗಿಂತ ಹಳೆಯ ಜಾಡಿಗೆ ಕಡಿಮೆ ಸಿಕ್ಕಿಬಿದ್ದರು. ಕೆಲವು ವಾರಗಳ ತರಬೇತಿ ಪಡೆದ ಹೊಸಬರಲ್ಲೂ ಹಾಗೇ ಕಂಡಿತು. ಖುಷಿಯ ಸಂಗತಿಯೇ. ಆದರೆ ಇಲ್ಲಿ ಯಾರ ಮನಸ್ಸೂ ಖಾಲಿಯಾಗಿಲ್ಲ. ಮೊದಲು ಹೊಳೆದ ಉಪಾಯದ ಹಿಡಿತ ತುಸು ಸಡಿಲಗೊಂಡಿದೆ, ಅಷ್ಟೇ. ಅದನ್ನೇ ‘ಒಳಗಣ್ಣು ತೆರೆಸುತ್ತೇವೆ’ ಎಂದು ಆ್ಯಪ್ ಮಾಡಿ ಮಾರುವವರಿಗೆ ದುಡ್ಡು ಕೊಡಬೇಕಿಲ್ಲ.

ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಒಬ್ಬರಿಂದ ದೊಡ್ಡ ಪಾತ್ರೆಯ ಜಾಡಿನ ನಾಲ್ಕು ಲೆಕ್ಕ ಮಾಡಿಸಿ, ಇನ್ನೊಬ್ಬರನ್ನು ಆಡಲು ಬಿಡಿ. ಆಮೇಲೆ ಇಬ್ಬರಿಗೂ 28, 76, 3 ಕೊಟ್ಟು 25 ಕೇಳಿ. ಯಾರು ಮೊದಲು ಉತ್ತರಿಸಿದರೆಂದು ನನಗೆ ಬರೆಯಿರಿ.